ಬಾಂಡ್ ಪೇಪರಿಗೆ ಸಹಿ ಮಾಡುವ ಮೊದಲು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹೆಣ್ಣುಮಕ್ಕಳು ಜೀವನಾಂಶ ಕೇಳಲು ವಕೀಲರ ಬಳಿ ಬಂದಾಗ ಎಷ್ಟೋ ಸಲ ಚೀಲದಲ್ಲಿ ಒಂದು ಬಾಂಡ್ ಪೇಪರ್ ಇರುತ್ತದೆ. ಹಿರಿಯರು ಕೂತು ಬರೆಸಿದ್ದು: ‘ನಾವಿಬ್ಬರೂ ಪರಸ್ಪರ ಒಪ್ಪಿಗೆಯಿಂದ ಬೇರೆ ಇರುತ್ತೇವೆ, ಮುಂದೆ ಯಾವ ತಕರಾರೂ ಇಲ್ಲ.’ ಹೊಡೆತ ತಾಳದೆ ತವರಿಗೆ ಬಂದವಳು, ಪೀಡೆ ಕಳೆದರೆ ಸಾಕೆಂದು ಸಹಿ ಮಾಡಿರುತ್ತಾಳೆ. ಬರೆದುಕೊಟ್ಟವನು ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ.

ಆ ಒಂದು ಸಾಲು ಎಷ್ಟು ದುಬಾರಿ ಎಂಬುದು ಬರೆಸಿದ ಹಿರಿಯರಿಗೂ ಗೊತ್ತಿರುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಪ್ರಕಾರ, ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಜೀವನಾಂಶವಿಲ್ಲ. ಏಟು ತಿಂದು ಓಡಿಬಂದವಳು ಒಪ್ಪಿಯೇ ಬೇರೆಯಾದಳೆಂದು ಎದುರು ಪಕ್ಷದವರು ಅದೇ ಕಾಗದ ಹಾಜರುಪಡಿಸುತ್ತಾರೆ. ಅದರಿಂದ ವಿಚ್ಛೇದನವೂ ಆಗುವುದಿಲ್ಲ. ಹಿಂದೂ ವಿವಾಹಕ್ಕೆ ಕೋರ್ಟಿನ ಡಿಕ್ರಿ ಬೇಕು. ನಮ್ಮಲ್ಲಿ ಸೋಡಚೀಟಿಯ (ಬಿಡುಗಡೆ ಪತ್ರದ) ರೂಢಿ ಇದೆ ಎನ್ನುವವರು ಆ ರೂಢಿಯನ್ನು ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಈಗಾಗಲೇ ಸಹಿ ಮಾಡಿದ್ದರೆ ಕೈಚೆಲ್ಲಬೇಡಿ. ಹೆದರಿಸಿ ಮಾಡಿಸಿಕೊಂಡದ್ದೆಂದು ತೋರಿಸಲು ಅವಕಾಶವಿದೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ದಾರಿಯೂ ಇದೆ. ಆದರೆ ಆ ಕಾಗದವನ್ನು ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.

ಆ ಕಾಯ್ದೆಯಡಿ ಮೊದಲು ನೋಡಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರದು. ಕಚೇರಿ ಎಲ್ಲಿದೆಯೆಂದು ನಿಮ್ಮೂರ ಅಂಗನವಾಡಿ ಟೀಚರನ್ನು ಕೇಳಿ. ನಿಮ್ಮ ಮಾತು ಕೇಳಿ ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುವುದು ಅವರ ಕೆಲಸ. ಕೆಲವರು ಅದನ್ನು ಬಿಟ್ಟು ಅತ್ತೆ ಮಾವನನ್ನು ಕರೆಸಿ ಪಂಚಾಯ್ತಿ ಮಾಡುತ್ತಾರೆ. ‘ಹೊಂದಿಕೊಂಡು ಹೋಗವ್ವಾ’ ಎನ್ನಲು ಅವರನ್ನು ಅಲ್ಲಿ ಕೂರಿಸಿಲ್ಲ. ಸಮಾಲೋಚನೆಗೆ ಹೋಗಿ ಎಂದು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಸುಮ್ಮನೆ ಅಲೆಸಿದರೆ ನೇರ ಕೋರ್ಟಿಗೆ ಅರ್ಜಿ ಹಾಕಿ. ವರದಿ ಇಲ್ಲದೆಯೂ ಆದೇಶ ಮಾಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಸಾಂಗಲಿ, ಮೀರಜ್, ಜತ್ತಕ್ಕೆ ಕೊಟ್ಟ ಹೆಣ್ಣುಮಕ್ಕಳಿಗೆ ‘ಕೇಸು ಅಲ್ಲೇ ಹಾಕಬೇಕು’ ಎಂದು ಮಧ್ಯವರ್ತಿಗಳು ಹೇಳುತ್ತಾರೆ. ಇದು ಶುದ್ಧ ಸುಳ್ಳು. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಈ ಕಾಯ್ದೆಯ ಅರ್ಜಿಯನ್ನು ಇಲ್ಲಿಯ ಕೋರ್ಟಿಗೇ ಹಾಕಬಹುದು.

ಮನೆ ಮಾವನ ಹೆಸರಿಗಿದೆ, ಸೊಸೆಗೆ ಹಕ್ಕಿಲ್ಲ ಎಂಬ ಮಾತಿಗೂ 2020ರಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಕೇಳಬಹುದು. ಅದು ವಾಸದ ಹಕ್ಕು ಮಾತ್ರ, ಆಸ್ತಿಯಲ್ಲಿ ಪಾಲಲ್ಲ. ಅತ್ತೆಯನ್ನು ಹೊರಗೆ ಹಾಕಿಸುವ ಆದೇಶವೂ ಸಿಗದು. ಒಟ್ಟಿಗೆ ಇರಲಾಗದಿದ್ದರೆ ಬೇರೆ ಮನೆ ಅಥವಾ ಬಾಡಿಗೆ ಕೇಳಿ.

ಗಂಡ ಕೋರ್ಟಿನಲ್ಲಿ ‘ನನಗೆ ಆದಾಯವೇ ಇಲ್ಲ’ ಎನ್ನುತ್ತಾನೆ. ಹೊಲದ ಉತಾರ, ಕಾರ್ಖಾನೆಗೆ ಕಬ್ಬು ಕಳಿಸಿದ ಬಿಲ್ಲು, ಮನೆಯಲ್ಲಿ ಎಷ್ಟು ಪವರ್‌ಲೂಮ್ ಇವೆ ಎಂಬುದರ ಫೋಟೊ, ಸಿಕ್ಕಿದ್ದನ್ನು ಕೂಡಿಡಿ. ಆಸ್ಪತ್ರೆಗೆ ಹೋದರೆ ಮರ್ಯಾದೆಗೆ ಅಂಜಿ ‘ಬಚ್ಚಲದಾಗ ಜಾರಿ ಬಿದ್ದೆ’ ಎನ್ನಬೇಡಿ. ಡಾಕ್ಟರು ಬರೆದುಕೊಂಡ ಆ ಮಾತು ವರ್ಷಗಳ ನಂತರ ನಿಮ್ಮ ಮೇಲೆಯೇ ತಿರುಗುತ್ತದೆ. ಠಾಣೆಯಲ್ಲಿ ದೂರು ಕೊಟ್ಟರೆ ಸ್ವೀಕೃತಿ ಪಡೆಯದೆ ಹೊರಬೀಳಬೇಡಿ.

ರಾತ್ರೋರಾತ್ರಿ ಹೊರಬೀಳಬೇಕಾದರೆ 112 ಅಥವಾ 181ಕ್ಕೆ ಫೋನ್ ಮಾಡಿ. ಬಾಗಲಕೋಟೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಸರೆ ಸಿಗುತ್ತದೆ. ಅದು ಕೆಲವೇ ದಿನದ್ದು, ಮುಂದಿನ ವಸತಿಯ ಮಾತನ್ನು ಅಲ್ಲಿಗೆ ಹೋದ ದಿನವೇ ತೆಗೆಯಿರಿ. ಆಧಾರ್ ಕೈಯಲ್ಲಿರಲಿ, ಶಕ್ತಿ ಯೋಜನೆಯ ಬಸ್ಸಿಗೂ ಅದು ಉಪಯೋಗಕ್ಕೆ ಬರುತ್ತದೆ.

ಹೆಣ್ಣುಮಗಳಿಗೆ ಉಚಿತ ವಕೀಲರ ನೆರವು ಪಡೆಯಲು ಆದಾಯದ ಮಿತಿಯೇ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮಾಡಿದ ಆದೇಶದ ಪ್ರತಿಯನ್ನೂ ಕೋರ್ಟು ಉಚಿತವಾಗಿ ಕೊಡಬೇಕು, ಠಾಣೆಗೂ ಕಳಿಸಬೇಕು. ಅದಕ್ಕೆ ದುಡ್ಡು ಕೇಳಿದವರ ಹೆಸರು ಬರೆದುಕೊಂಡು ನ್ಯಾಯಾಧೀಶರಿಗೇ ಹೇಳಿ. ರಕ್ಷಣಾ ಆದೇಶ ಮೀರಿ ಗಂಡ ಮತ್ತೆ ಬಾಗಿಲಿಗೆ ಬಂದರೆ ಅದೇ ಒಂದು ಅಪರಾಧ, ಒಂದು ವರ್ಷದವರೆಗೆ ಜೈಲು. ಪ್ರತಿ ಹಿಡಿದು ಅಂದೇ ಠಾಣೆಗೆ ಹೋಗಿ.