ಏಷ್ಯಾ ಖಂಡದಲ್ಲಿ ಅಫೀಮಿನ ಕಳ್ಳಸಾಗಣೆ: ಒಂದು ಅವಲೋಕನ

ಹಬ್ಬದ ಪಾಯಸಕ್ಕೆ ಅರೆಯುವ ಗಸಗಸೆ ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದ ಪದಾರ್ಥ. ಆ ಕಾಳನ್ನು ಕೊಡುವ ಗಿಡದ ಬಲಿಯದ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಗಟ್ಟಿಯಾದರೆ ಅದೇ ಅಫೀಮು. ಅಫೀಮಿನಿಂದ ನೋವನ್ನು ಶಮನಗೊಳಿಸುವ ಮಾರ್ಫಿನ್ ದೊರೆಯುತ್ತದೆ. ಮಾರ್ಫಿನ್‌ನಿಂದ ಮನುಷ್ಯನನ್ನು ದಾಸನನ್ನಾಗಿಸುವ ಹೆರಾಯಿನ್ ತಯಾರಾಗುತ್ತದೆ. ಔಷಧವೂ ವಿಷವೂ ಒಂದೇ ಗಿಡದಲ್ಲಿ ಅಡಗಿರುವ ಕಾರಣ ಇದರ ಬೇಸಾಯವನ್ನು ಹತೋಟಿಯಲ್ಲಿಡುವುದು ಅನಿವಾರ್ಯವಾಗಿದೆ. ಭಾರತದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಮಾತ್ರ ಅಫೀಮಿಗಾಗಿ ಇದನ್ನು ಬೆಳೆಯುತ್ತಾರೆ.

ಕಾನೂನಿನ ಹೊರಗೆ ನಡೆದ ಬೇಸಾಯದ ಚರಿತ್ರೆಯನ್ನು ಪರಿಶೀಲಿಸಿದರೆ, ಒಂದೆಡೆ ಅಡಗಿಸಿದ ಪೂರೈಕೆ ಇನ್ನೊಂದೆಡೆ ತಲೆಯೆತ್ತುವುದನ್ನು ಕಾಣಬಹುದು. 1970ರ ದಶಕದ ಆರಂಭದಲ್ಲಿ ತುರ್ಕಿಯು ಗಸಗಸೆ ಬೇಸಾಯವನ್ನು ನಿಷೇಧಿಸಿದಾಗ ಅಮೆರಿಕದ ಪೇಟೆಗೆ ಮೆಕ್ಸಿಕೋದ ಹೆರಾಯಿನ್ ಹರಿದುಬಂದಿತು. 1979ರ ಕ್ರಾಂತಿಯ ತರುವಾಯ ಇರಾನ್ ಈ ಬೆಳೆಯನ್ನು ತಡೆಯಿತು. ಅದೇ ವರ್ಷ ಸೋವಿಯತ್ ಸೇನೆ ಪ್ರವೇಶಿಸಿದ ಆಫ್ಘಾನಿಸ್ತಾನದಲ್ಲಿ, ಯುದ್ಧದಿಂದ ಕಾಲುವೆಗಳೂ ಮಾರುಕಟ್ಟೆಗಳೂ ಹಾಳಾದಂತೆ, ಅಫೀಮು ಹಬ್ಬತೊಡಗಿತು. ಬಹುಕಾಲ ಕೆಡದ, ಸುಲಭವಾಗಿ ಸಾಗಿಸಬಹುದಾದ, ಮುಂಗಡ ಸಾಲವನ್ನು ದೊರಕಿಸಿಕೊಡುವ ಬೆಳೆ ಅದಾಗಿತ್ತು.

ಹೀಗೆ ಭಾರತದ ಎರಡು ಮಗ್ಗುಲುಗಳಲ್ಲಿ ಎರಡು ಕೇಂದ್ರಗಳು ಬೆಳೆದವು. ಪಶ್ಚಿಮದಲ್ಲಿ ಆಫ್ಘಾನಿಸ್ತಾನ, ಇರಾನ್, ಪಾಕಿಸ್ತಾನಗಳ ‘ಸುವರ್ಣ ಅರ್ಧಚಂದ್ರ’. ಪೂರ್ವದಲ್ಲಿ ಬರ್ಮಾ, ಲಾವೋಸ್, ಥಾಯ್ಲೆಂಡ್‌ಗಳ ಗಡಿ ಕೂಡುವ ‘ಸುವರ್ಣ ತ್ರಿಕೋನ’. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೋಗ್ರಾಂ ಹೆರಾಯಿನ್ ಸಿಕ್ಕಿತು. ಬಳಪದ ಕಲ್ಲಿನ ಸರಕೆಂಬ ಹೆಸರಿನಲ್ಲಿ ಅದು ಆಫ್ಘಾನಿಸ್ತಾನದಿಂದ ಇರಾನಿನ ಬಂದರಿನ ಮೂಲಕ ಬಂದಿತ್ತು.

2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಆಡಳಿತ ಗಸಗಸೆ ಬೇಸಾಯವನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಅಂದಾಜಿನಂತೆ ಆ ವರ್ಷ 2,33,000 ಹೆಕ್ಟೇರ್ ಇದ್ದ ಬೆಳೆ 2023ರಲ್ಲಿ 10,800 ಹೆಕ್ಟೇರ್‌ಗೆ ಕುಸಿಯಿತು. ಅಫೀಮಿನಿಂದ ರೈತರಿಗೆ ಬರುತ್ತಿದ್ದ ವರಮಾನವೂ 136 ಕೋಟಿ ಡಾಲರ್‌ನಿಂದ 11 ಕೋಟಿ ಡಾಲರ್‌ಗೆ ಇಳಿಯಿತು. ಅನೇಕರು ಗೋಧಿ ಬಿತ್ತಿದರು. ಆದರೆ ಅದರ ಆದಾಯ ಅಫೀಮಿನ ಆದಾಯಕ್ಕೆ ಸಮನಾಗಲಿಲ್ಲ. 2023ರಲ್ಲಿಯೇ, 2021ರ ಸೇನಾ ದಂಗೆಯ ಬಳಿಕ ಒಳಯುದ್ಧದಲ್ಲಿ ಬೆಂದ ಬರ್ಮಾ ಅಂದಾಜು 1,080 ಟನ್ ಅಫೀಮು ಬೆಳೆದು ಜಗತ್ತಿನ ಮೊದಲ ಸ್ಥಾನಕ್ಕೆ ಬಂದಿತು.

ಇದಕ್ಕಿಂತ ಆತಂಕಕಾರಿಯಾದ ಬೆಳವಣಿಗೆ ಬೇರೊಂದಿದೆ. ಬರ್ಮಾದ ಶಾನ್ ರಾಜ್ಯದಲ್ಲಿ ಮೆಥಾಂಫೆಟಮೀನ್ ಎಂಬ ಕೃತಕ ಮಾದಕ ವಸ್ತು ಅಪಾರವಾಗಿ ತಯಾರಾಗುತ್ತಿದೆ. ಇದಕ್ಕೆ ಹೊಲ ಬೇಡ, ಮಳೆ ಬೇಡ, ಸುಗ್ಗಿಯ ಕಾಲವೂ ಬೇಡ. ರಾಸಾಯನಿಕಗಳೂ ಮರೆಯಾದ ಒಂದು ಜಾಗವೂ ಇದ್ದರೆ ಸಾಕು. ಬೆಳೆಯನ್ನು ಆಕಾಶದಿಂದ ಅಳೆಯಬಹುದು; ಈ ಕಾರ್ಖಾನೆಗಳನ್ನು ಹಾಗೆ ಪತ್ತೆ ಹಚ್ಚುವುದು ಕಷ್ಟ.

ಹಾಗಾದರೆ ಪೂರೈಕೆಯನ್ನು ತಡೆಯುವುದು ಅಸಾಧ್ಯವೇ? ಥಾಯ್ಲೆಂಡಿನ ಉದಾಹರಣೆ ಇಲ್ಲಿ ಗಮನಾರ್ಹ. 1969ರಲ್ಲಿ ಅಲ್ಲಿಯ ದೊರೆ ಭೂಮಿಬೋಲ್ ಆರಂಭಿಸಿದ ಯೋಜನೆಯು ಗುಡ್ಡಗಾಡಿನ ಜನರಿಗೆ ಕಾಫಿ, ಹಣ್ಣು, ತರಕಾರಿಗಳ ಬೇಸಾಯವನ್ನು ಕಲಿಸಿತು. ರಸ್ತೆ, ಶಾಲೆ, ಮಾರುಕಟ್ಟೆಗಳೂ ಬಂದವು. ಬೆಳೆನಾಶದ ಕ್ರಮ ಬಿಗಿಯಾದದ್ದು ಆ ನಂತರ. ಈ ಕಾರ್ಯ ಫಲಿಸಲು ಸುಮಾರು ಮೂರು ದಶಕಗಳು ಬೇಕಾದವು. ಆದರೂ ನೆರೆಯ ಬರ್ಮಾದಲ್ಲಿ ಬೆಳೆ ಉಳಿಯಿತು. ಶಾಂತಿಯಿಲ್ಲದ ನಾಡಿನಲ್ಲಿ ಅಂಥ ಯೋಜನೆ ಬೇರೂರುವುದು ಸುಲಭವಲ್ಲ.

ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆ ಸಾಗಣೆಗಾರನಿಗೆ ಕಠಿಣ ಶಿಕ್ಷೆಯನ್ನು ವಿಧಿಸುತ್ತದೆ. ಚಿಕಿತ್ಸೆ ಬಯಸುವ ವ್ಯಸನಿಗೆ ಒಂದು ದಾರಿಯನ್ನೂ ತೆರೆದಿಟ್ಟಿದೆ. ಗಡಿಯ ಕಾವಲು ಸರಕಾರದ ಕರ್ತವ್ಯ. ಕೊಳ್ಳುವವರು ಇರುವವರೆಗೆ ಸರಕು ಹೊಸ ದಾರಿಯನ್ನು ಹುಡುಕುತ್ತಲೇ ಇರುವುದರಿಂದ, ಕೊಳ್ಳುವ ಕೈಯನ್ನು ಎಳೆತನದಲ್ಲಿಯೇ ತಡೆಯುವ ಹೊಣೆ ಮನೆ ಮತ್ತು ಶಾಲೆಗಳ ಮೇಲಿದೆ. ಭೂಗೋಳದ ಪಾಠದಲ್ಲಿ ಈ ಎರಡು ಪ್ರದೇಶಗಳನ್ನು ತೋರಿಸುವ ಉಪಾಧ್ಯಾಯರು, ಅಲ್ಲಿಯ ಬಡ ಬೇಸಾಯಗಾರನ ಪಾಡನ್ನೂ ಇಲ್ಲಿಯ ವ್ಯಸನಿಯ ಪಾಡನ್ನೂ ಒಟ್ಟಿಗೆ ತಿಳಿಸಿದರೆ, ವಿದ್ಯಾರ್ಥಿಗಳು ಹೆದರಿಕೆಯಿಂದಲ್ಲದೆ ತಿಳಿವಳಿಕೆಯಿಂದ ದೂರವಿರಲು ಕಲಿತಾರು.