ಗುಳ್ಳೆ ತೆಗೆಯುವ ತಾಳ್ಮೆಯಿದೆಯೇ? ಅರ್ಜಿ ಹಾಕಿ

ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಕೇಂದ್ರ ಇಎಸ್‌ಆರ್‌ಎಫ್ ಕೂಡಿ ಬೆಳೆಸಿದ ಒಂದು ಎಕ್ಸ್-ರೇ ತಂತ್ರವಿದೆ. ಹೆಸರು ಹಿಪ್-ಸಿಟಿ. ಮನುಷ್ಯನ ಇಡೀ ಮಿದುಳು, ಇಡೀ ಶ್ವಾಸಕೋಶವನ್ನು ಕತ್ತರಿಸದೆ ಸುಮಾರು 20 ಮೈಕ್ರಾನ್ ವಿವರದಲ್ಲಿ ನೋಡಬಹುದು. ಬೇಕೆಂದ ಜಾಗದಲ್ಲಿ 1 ಮೈಕ್ರಾನಿನ ಸಮೀಪಕ್ಕೂ ಇಳಿಯಬಹುದು. ಆಸ್ಪತ್ರೆಯ ಸಿಟಿ ಸ್ಕ್ಯಾನ್ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲೇ ಸುಸ್ತಾಗುತ್ತದೆ. ಇಂಥ ಗುಂಪಿನಲ್ಲಿ ಸಂಶೋಧನಾ ಹುದ್ದೆ ಖಾಲಿಯಿದೆ ಎಂದರೆ ನಮ್ಮ ಹುಡುಗರು, ಹುಡುಗಿಯರು ಕೇಳುವ ಮೊದಲ ಪ್ರಶ್ನೆ, ‘ಎಕ್ಸ್-ರೇ ಭೌತಶಾಸ್ತ್ರ ಎಷ್ಟು ಗೊತ್ತಿರಬೇಕು?’ ಅದು ಸ್ವಲ್ಪ ಕಾಯಲಿ.

1. ನಿಮ್ಮ ವಿಷಯ ಬೇರೆ ಎಂದು ಹಿಂಜರಿಯಬೇಡಿ. ಈ ತಂತ್ರ ಕಟ್ಟಿದವರಲ್ಲಿ ಮುಖ್ಯರಾದ ಪೌಲ್ ತಾಫೊರೊ ಪಳೆಯುಳಿಕೆಗಳ ವಿಜ್ಞಾನಿ. ಲಂಡನ್ನಿನ ಪೀಟರ್ ಲೀ ವಸ್ತುವಿಜ್ಞಾನದ ಪ್ರಾಧ್ಯಾಪಕರು. ಕಲ್ಲಾದ ಹಲ್ಲಿನೊಳಗೆ, ಹೆಪ್ಪುಗಟ್ಟುವ ಲೋಹದೊಳಗೆ ಇಣುಕಿ ಪಳಗಿದ ಕಣ್ಣುಗಳೇ ಶ್ವಾಸಕೋಶದತ್ತ ತಿರುಗಿದವು.

2. ಗುಳ್ಳೆಯನ್ನು ಹಗುರವಾಗಿ ಕಾಣಬೇಡಿ. ಫಾರ್ಮಲಿನ್‌ನಲ್ಲಿಟ್ಟ ಅಂಗವನ್ನು ಎಥನಾಲ್‌ನಲ್ಲಿ ನೆನೆಸಿ, ಹಂತಹಂತವಾಗಿ ಗಾಢತೆ ಏರಿಸುತ್ತ ಶೇ. 70ಕ್ಕೆ ತರುತ್ತಾರೆ. ಆಮೇಲೆ ಜಾಡಿಯಲ್ಲಿ ಅಗರ್ ಜೆಲ್ಲಿನ ತುಂಡುಗಳ ನಡುವೆ ಅಲುಗಾಡದಂತೆ ಕೂರಿಸುತ್ತಾರೆ. ಅಗರ್ ಎಂದರೆ ಬೇರೇನಲ್ಲ, ನಮ್ಮ ಅಡುಗೆಮನೆಯ ಚೈನಾ ಗ್ರಾಸೇ. ನಿರ್ವಾತ ಪಂಪು ಹಚ್ಚಿದಾಗ ಅಂಗದೊಳಗಿನ ಗಾಳಿ ಸಣ್ಣ ಮಣಿಗಳಂತೆ ಮೇಲೇಳುತ್ತದೆ. ಇನ್ನು ನಿಂತಿತು ಎನ್ನುವಷ್ಟರಲ್ಲಿ ಯಾವುದೋ ಮಡಿಕೆಯಿಂದ ಮತ್ತೆರಡು. ಒಳಗೇ ಉಳಿದ ಒಂದು ಗುಳ್ಳೆ ಸ್ಕ್ಯಾನಿನ ನಡುವೆ ಹಿಗ್ಗಿದರೆ ಅಂಗ ಕೂದಲೆಳೆಯಷ್ಟು ಸರಿಯುತ್ತದೆ. ಕೂದಲೆಳೆಯೆಂದರೆ ಹತ್ತಾರು ಮೈಕ್ರಾನ್. ಇಲ್ಲಿ ಅದು ದೊಡ್ಡ ಅಂತರ. ಗಂಟೆಗಟ್ಟಲೆ ತೆಗೆದ ಚಿತ್ರ ಮಸುಕಾಗಿ ಕೈಗೆ ಬರುತ್ತದೆ. ನೀವು ಪಿಎಚ್‌ಡಿಯಲ್ಲಿ ಏನನ್ನಾದರೂ ಇಷ್ಟು ಜೋಪಾನವಾಗಿ ಸಿದ್ಧಪಡಿಸಿದ್ದರೆ, ಅದು ಎಲೆಯ ತೊಟ್ಟಾಗಲಿ ಸಿಮೆಂಟಿನ ಚೂರಾಗಲಿ, ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ.

3. ‘ಪರ್ಸನ್ ಸ್ಪೆಸಿಫಿಕೇಶನ್’ ಎಂಬ ಪಟ್ಟಿ ಹಿಡಿದು ಬರೆಯಿರಿ. ಬ್ರಿಟನ್ನಿನ ಹುದ್ದೆಗಳ ಜೊತೆ ಇದು ಬರುತ್ತದೆ. ಕಡ್ಡಾಯ ಎಂದಿರುವ ಪ್ರತಿ ಅಂಶಕ್ಕೂ ನೀವು ಮಾಡಿದ ಕೆಲಸದಿಂದ ಒಂದು ಉದಾಹರಣೆ ಕೊಡಿ. ‘ಕಠಿಣ ಪರಿಶ್ರಮಿ’ ಎಂದು ನಿಮಗೆ ನೀವೇ ಸರ್ಟಿಫಿಕೇಟ್ ಕೊಟ್ಟುಕೊಂಡರೆ ಅಂಕ ಬೀಳುವುದಿಲ್ಲ.

4. ಭೌತಶಾಸ್ತ್ರವನ್ನು ಅಜ್ಜಿಗೆ ಹೇಳುವಂತೆ ಕಲಿಯಿರಿ. ಮೃದು ಅಂಗಾಂಶಗಳೆಲ್ಲ ಎಕ್ಸ್-ರೇಯನ್ನು ಹೆಚ್ಚುಕಡಿಮೆ ಒಂದೇ ಥರ ಹೀರುತ್ತವೆ. ಹಾಗಾಗಿ ಮಾಮೂಲಿ ನೆರಳಿನಲ್ಲಿ ಭೇದ ಕಾಣುವುದಿಲ್ಲ. ಆದರೆ ಅಂಚುಗಳಲ್ಲಿ ಕಿರಣ ಚೂರೇ ಚೂರು ಬಾಗುತ್ತದೆ. ಕಲ್ಯಾಣಿಯ ತಿಳಿನೀರು ಬಿಸಿಲನ್ನು ಹೀರುವುದಕ್ಕಿಂತ ಬಾಗಿಸುವುದೇ ಹೆಚ್ಚು, ಆದರೂ ತಳದಲ್ಲಿ ಬೆಳಕಿನ ಬಲೆ ಹರಡಿರುತ್ತದಲ್ಲ, ಹಾಗೆ. ಬಾಗಿದ ಕಿರಣದಿಂದ ಅಂಚಿನ ಗೆರೆ ಮೂಡಲು ಮಾದರಿಗೂ ಡಿಟೆಕ್ಟರಿಗೂ ನಡುವೆ ದೂರ ಬೇಕು. ಇಎಸ್‌ಆರ್‌ಎಫ್‌ನ ಬಿಎಂ18 ಎಂಬ ಬೀಮ್‌ಲೈನ್ (ಕಿರಣ ಸಾಗುವ ದಾರಿ) ಅಷ್ಟುದ್ದ ಕಟ್ಟಿರುವುದಕ್ಕೆ ಅದೂ ಒಂದು ಕಾರಣ.

5. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅವರ 1971ರ ಪ್ರಬಂಧ ಓದಿಕೊಂಡು ಹೋಗಿ. ನೆರಳುಗಳಿಂದ ಒಳಗಿನ ಆಕಾರ ಕಟ್ಟುವ ಗಣಿತವನ್ನು ಸರಳ ಮಾಡಿದ ಆ ಬರಹ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಂಟಿನದು. ಜಗತ್ತಿನ ಟೊಮೊಗ್ರಫಿ ತಂತ್ರಾಂಶಗಳಲ್ಲಿ ‘ರ‍್ಯಾಮ್-ಲ್ಯಾಕ್ ಫಿಲ್ಟರ್’ ಎಂಬ ಆಯ್ಕೆ ಈಗಲೂ ಸಿಗುತ್ತದೆ. ಅದನ್ನು ಒತ್ತುವ ಎಷ್ಟೋ ಮಂದಿಗೆ ಆ ಎರಡು ತುಂಡುಗಳು ಯಾರ ಹೆಸರೆಂದು ತಿಳಿದಿರುವುದಿಲ್ಲ. ನಿಮಗೆ ತಿಳಿದಿರಲಿ.

6. ಒಮ್ಮೆ ಪೆನ್ನು ಹಿಡಿದು ಲೆಕ್ಕ ಹಾಕಿ. 15 ಸೆಂಟಿಮೀಟರಿನ ಅಂಗವನ್ನು 20 ಮೈಕ್ರಾನ್ ಬಿಂದುಗಳಾಗಿ ಒಡೆದರೆ 7,500. ಉದ್ದ, ಅಗಲ, ಎತ್ತರ ಗುಣಿಸಿದರೆ ಸುಮಾರು 42,000 ಕೋಟಿ ಬಿಂದು. ಬಿಂದುವಿಗೆ 2 ಬೈಟ್ ಎಂದರೂ 840 ಗಿಗಾಬೈಟ್, ಅದೂ ದೂರದ ನೋಟಕ್ಕೆ ಮಾತ್ರ. ನಿಮ್ಮ ಲ್ಯಾಪ್‌ಟಾಪ್ ಇದನ್ನು ತೆರೆಯಲಾರದು. ಪೈಥಾನ್‌ನಲ್ಲಿ ಚಿತ್ರವನ್ನು ತುಂಡುತುಂಡಾಗಿ ಓದುವುದನ್ನು ಈಗಲೇ ಕಲಿಯಿರಿ. ಅಭ್ಯಾಸಕ್ಕೆ ‘ಹ್ಯೂಮನ್ ಆರ್ಗನ್ ಅಟ್ಲಾಸ್’ ಎಂಬ ಸಂಗ್ರಹ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿದೆ. ಅಲ್ಲಿಂದ ಕಡಿಮೆ ಗಾತ್ರದ ಒಂದು ಮೂತ್ರಪಿಂಡ ಇಳಿಸಿಕೊಂಡು, ಫಿಜಿ ತಂತ್ರಾಂಶದಲ್ಲಿ ಒಂದು ರಕ್ತನಾಳದ ಜಾಡು ಹಿಡಿದು ಕೊನೆಯವರೆಗೆ ಹೋಗಿ. ಸಂದರ್ಶನದಲ್ಲಿ ಮಾತಿಗೆ ಅದೇ ಬಂಡವಾಳ.

7. ವೈದ್ಯರ ಪ್ರಶ್ನೆ ಕೇಳಿಸಿಕೊಳ್ಳಿ. ಈ ತಂತ್ರಕ್ಕೆ ವೇಗ ಬಂದದ್ದೇ ಕೋವಿಡ್ ಕಾಲದಲ್ಲಿ. ಸೋಂಕಿನಿಂದ ತೀರಿಕೊಂಡವರ ಶ್ವಾಸಕೋಶದಲ್ಲಿ ಆದದ್ದೇನು ಎಂದು ಜರ್ಮನಿಯ ರೋಗಶಾಸ್ತ್ರಜ್ಞರು ಹುಡುಕುತ್ತಿದ್ದರು. ರಕ್ತಕ್ಕೆ ಆಮ್ಲಜನಕ ತುಂಬುವ ನಾಳಗಳಿಗೂ ಶ್ವಾಸಕೋಶಕ್ಕೇ ಆಹಾರ ಒಯ್ಯುವ ನಾಳಗಳಿಗೂ ಇರಬಾರದ ಕೂಡುದಾರಿ ಬಿದ್ದದ್ದು ಚಿತ್ರಗಳಲ್ಲಿ ಕಂಡಿತು. 2021ರಲ್ಲಿ ‘ನೇಚರ್ ಮೆಥಡ್ಸ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಚಿತ್ರ ಚೆಂದ ಎಂದು ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ಅದರಿಂದ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನುವಾಗ ಮಾತು ತಡವರಿಸಬಾರದು.

8. ಅಂಗವನ್ನು ‘ಸ್ಯಾಂಪಲ್’ ಎನ್ನಿ, ಆದರೆ ಅದು ಯಾರದೋ ದೇಹದ್ದೆಂದು ಮರೆಯಬೇಡಿ. ಇಷ್ಟು ವಿಕಿರಣವನ್ನು ಬದುಕಿರುವವರ ಮೇಲೆ ಹಾಯಿಸುವಂತಿಲ್ಲ; ಜಾಡಿಯಲ್ಲಿರುವುದು ಯಾರೋ ದಾನ ಕೊಟ್ಟ ದೇಹದ ಭಾಗ. ಇಂಗ್ಲೆಂಡಿನಲ್ಲಾದರೆ 2004ರ ಹ್ಯೂಮನ್ ಟಿಶ್ಯೂ ಆಕ್ಟ್ ಅನ್ವಯ. ಒಪ್ಪಿಗೆ, ದಾಖಲೆ, ಸಾಗಣೆಯ ಕಾಗದಪತ್ರ ಬೇಸರದ ಕೆಲಸವೇ. ಮಾಡಬಲ್ಲೆ ಎನ್ನುವವರನ್ನು ಎಲ್ಲ ಗುಂಪುಗಳೂ ಹುಡುಕುತ್ತಿರುತ್ತವೆ.

9. ರಾತ್ರಿ ಪಾಳಿಗೆ ಸಿದ್ಧರಿರಿ. ಬೀಮ್‌ಟೈಮನ್ನು, ಅಂದರೆ ಕಿರಣ ಬಳಸಲು ಸಿಗುವ ಸಮಯವನ್ನು, 8 ಗಂಟೆಯ ಪಾಳಿಗಳ ಲೆಕ್ಕದಲ್ಲಿ ಕೊಡುತ್ತಾರೆ, ಯಂತ್ರ ಹಗಲು ರಾತ್ರಿ ನೋಡುವುದಿಲ್ಲ. ಚಟ್ನಿಪುಡಿ ಒಯ್ಯಿರಿ.

10. ಇಮೇಲಿನಲ್ಲಿ ‘ರೆಸ್ಪೆಕ್ಟೆಡ್ ಸರ್’ ಬೇಡ. ‘ಡಿಯರ್ ಪ್ರೊಫೆಸರ್’ ಎಂದು ಮುಂದೆ ಅವರ ಮನೆತನದ ಹೆಸರು ಬರೆಯಿರಿ. ಕೆಲಸಕ್ಕೆ ಸೇರಿದ ವಾರದಲ್ಲೇ ಅವರು ಹೆಸರು ಹಿಡಿದು ಕರೆಯಿರಿ ಎನ್ನಬಹುದು. ನಾಲಿಗೆ ಏಳುವುದಿಲ್ಲ, ಆದರೂ ಕರೆಯಿರಿ.

11. ‘ನೀವೇನಾದರೂ ಕೇಳುವುದಿದೆಯೇ?’ ಎಂದಾಗ ‘ಇಲ್ಲ ಸರ್’ ಎಂದು ಏಳಬೇಡಿ. ಮೂರು ಕೇಳಿ. ಅನುದಾನ ಯಾವ ತಿಂಗಳಿಗೆ ಮುಗಿಯುತ್ತದೆ? ಬೀಮ್‌ಟೈಮ್ ಕೈಯಲ್ಲಿದೆಯೇ, ಇಲ್ಲ ಇನ್ನು ಅರ್ಜಿ ಹಾಕಬೇಕೇ? ಪಂಪಿನ ಮುಂದೆ ಕೂತು ಗುಳ್ಳೆ ತೆಗೆಯುವವರು ಯಾರು?