ಮುಂದಿನ ಮಾಡೆಲ್‌ಗೆ ಕಾಯಬೇಡಿ, ಡಾಕ್ಟರೇ

ಮೇಡಂ, ನಾನು ಮೈಸೂರಿನಲ್ಲಿ ಹಲ್ಲಿನ ಡಾಕ್ಟರು. ವಯಸ್ಸು 47. ಸ್ವಂತ ಕ್ಲಿನಿಕ್ ಇದೆ, ಮನೆ ಸಾಲ ತೀರಿದೆ, ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ನನಗೆ ಗಾಡಿ ಓಡಿಸುವುದೆಂದರೆ ಪ್ರಾಣ. ಈಗಿರುವುದು ಹಳೆಯ ಪೋಲೋ. ಬಿಎಂಡಬ್ಲ್ಯೂ ಎಂ2 ಮೇಲೆ, ಅದರಲ್ಲೂ ಮ್ಯಾನ್ಯುಯಲ್ ಗೇರಿನದರ ಮೇಲೆ, ಬಹಳ ದಿನದಿಂದ ಮನಸ್ಸಿದೆ. ಇದಕ್ಕೂ ಮೊದಲು ಫೋರ್ಡ್ ಮಸ್ಟಾಂಗ್ ಆಸೆ ಇತ್ತು. ಇನ್ನೂ ಹೊಸದು ಬರಲಿ ಎಂದು ಕಾದೆ, ಬಿಎಸ್6 ಮಾಲಿನ್ಯ ನಿಯಮ ಬಂದು ಇದ್ದದ್ದೂ ಹೋಯಿತು. ಈಗ ನನ್ನ ತಮ್ಮ, 'ಯುರೋಪ್ ಜೊತೆ ಒಪ್ಪಂದ ಆಗಿದೆ, ಸುಂಕ ಇಳಿಯುತ್ತೆ, ಸ್ವಲ್ಪ ತಡಿ ಅಕ್ಕ' ಅನ್ನುತ್ತಾನೆ. ಪರಿಚಯದವರೊಬ್ಬರು ಹೊಸ ಅಪ್‌ಡೇಟ್ ಬರುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಇನ್ನೇನಿದ್ದರೂ ಎಲೆಕ್ಟ್ರಿಕ್ಕೇ ಎನ್ನುತ್ತಾರೆ. ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಎಂದವರೂ ಇದ್ದಾರೆ. ನಮ್ಮ ಯಜಮಾನರು, 'ತಗೋ, ಇಲ್ಲಾಂದ್ರೆ ಆ ಮಾತು ಬಿಡು' ಅಂತ ಹೇಳಿ ಸುಮ್ಮನಾಗಿದ್ದಾರೆ. ಅತ್ತೆಯವರು ಏನೂ ಹೇಳಿಲ್ಲ. ಆದರೆ ಅಷ್ಟು ದುಡ್ಡಿಗೆ ಒಂದು ಸೈಟೇ ಬರುತ್ತಿತ್ತಲ್ಲ ಎಂದು ನನಗೇ ಅನಿಸುತ್ತದೆ. ಈಗ ಕೊಳ್ಳಲೇ, ಕಾಯಲೇ?
– ಹೆಸರು ಬೇಡ, ಮೈಸೂರು

ಡಾಕ್ಟರೇ, ಕಾಯಬೇಡಿ. ಉತ್ತರವನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಕಾರಣಗಳನ್ನು ನಿಧಾನವಾಗಿ ನೋಡೋಣ. ಈ ಉತ್ತರ ದುಡ್ಡು ನಿಜಕ್ಕೂ ಕೈಯಲ್ಲಿದ್ದು, ಸಾಲ ಮಾಡದೆ ಕೊಳ್ಳುವವರಿಗೆ ಮಾತ್ರ. ನಿಮ್ಮ ಪತ್ರದಿಂದ ನೀವು ಅಂಥವರು ಎಂದು ತಿಳಿದಿದ್ದೇನೆ.

ನಿಮ್ಮ ತಮ್ಮನ ಮಾತಿನಿಂದ ಶುರು ಮಾಡುತ್ತೇನೆ. ನಿಮ್ಮನ್ನು ಹೆಚ್ಚು ಕಟ್ಟಿಹಾಕಿರುವುದು ಅದೇ ಎಂದು ಕಾಣುತ್ತದೆ. ಭಾರತ ಮತ್ತು ಯುರೋಪಿಯನ್ ಒಕ್ಕೂಟ 2026ರ ಜನವರಿ 27ರಂದು ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆಯನ್ನು ಮುಗಿಸಿದವು. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಕಾರುಗಳ ಮೇಲೆ ಶೇ 110ರವರೆಗೂ ಇದ್ದ ಸುಂಕ, ವರ್ಷಕ್ಕೆ ಎರಡೂವರೆ ಲಕ್ಷ ಕಾರುಗಳ ಮಿತಿಯೊಳಗೆ, ಹಂತ ಹಂತವಾಗಿ ಶೇ 10ರವರೆಗೆ ಇಳಿಯಬೇಕೆಂಬುದು ಅದರ ಒಂದು ಭಾಗ. ಸಹಿ, ಅನುಮೋದನೆ ಎಲ್ಲ ಮುಗಿದ ಮೇಲಷ್ಟೇ ಜಾರಿ. ಇಷ್ಟು ಕೇಳಿದರೆ ಯಾರಿಗಾದರೂ ಕಾಯೋಣ ಅನಿಸುವುದು ಸಹಜ. ಆದರೆ ಸುಂಕದ ರಿಯಾಯಿತಿ ಸಿಗುವುದು ಕಾರು ಯಾವ ದೇಶದಲ್ಲಿ ತಯಾರಾಯಿತು ಎಂಬುದರ ಮೇಲೆ, ಮುಂಭಾಗದಲ್ಲಿ ಯಾವ ಕಂಪನಿಯ ಲಾಂಛನವಿದೆ ಎಂಬುದರ ಮೇಲಲ್ಲ. ಬಿಎಂಡಬ್ಲ್ಯೂ ಜರ್ಮನಿಯ ಕಂಪನಿ, ನಿಜ. ಆದರೆ ನೀವು ಮೆಚ್ಚಿಕೊಂಡಿರುವ ಎಂ2 ತಯಾರಾಗುವುದು ಮೆಕ್ಸಿಕೊ ದೇಶದ ಸ್ಯಾನ್ ಲೂಯಿಸ್ ಪೊಟೊಸಿಯ ಕಾರ್ಖಾನೆಯಲ್ಲಿ. ಯುರೋಪಿನ ಒಪ್ಪಂದ ಪೂರ್ತಿ ಜಾರಿಗೆ ಬಂದರೂ ಮೆಕ್ಸಿಕೊದಿಂದ ಬರುವ ಕಾರಿಗೆ ಆ ದಾರಿಯಲ್ಲಿ ರಿಯಾಯಿತಿ ಸಿಗುವುದಿಲ್ಲ. ತಮ್ಮನಿಗೆ ಇದನ್ನು ತೋರಿಸಿ. ಅವರು ಅಕ್ಕನ ದುಡ್ಡು ಉಳಿಯಲಿ ಎಂದೇ ಹೇಳಿದ್ದಾರೆ, ಅದರಲ್ಲಿ ಸಂಶಯವಿಲ್ಲ.

ಹಾಗೆಂದು ಕಾಯುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. 2025ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಜಿಎಸ್‌ಟಿ ಬದಲಾವಣೆಯ ಮಾತಾಡಿದರು. ಸೆಪ್ಟೆಂಬರ್ 3ರಂದು ಕೌನ್ಸಿಲ್ ತೀರ್ಮಾನ ಮಾಡಿತು, 22ರಿಂದ ಜಾರಿಯಾಯಿತು. ದೊಡ್ಡ ಕಾರುಗಳ ಮೇಲೆ ಸೆಸ್ ಸೇರಿ ಶೇ 50ರವರೆಗೂ ಹೋಗುತ್ತಿದ್ದ ತೆರಿಗೆ ಶೇ 40ಕ್ಕೆ ನಿಂತಿತು. ಆ ತಿಂಗಳು ಬುಕಿಂಗ್ ತಡೆದವರು ಜಾಣರು. ಅವರು ಕಾದದ್ದಕ್ಕೆ ಹೆಸರಿತ್ತು, ತಾರೀಖಿತ್ತು, ಎಷ್ಟು ಉಳಿಯುತ್ತದೆಂಬ ಲೆಕ್ಕವಿತ್ತು. ನಿಮ್ಮ ಪತ್ರದಲ್ಲಿರುವ ನಿರೀಕ್ಷೆಗಳಲ್ಲಿ ಒಂದಕ್ಕಾದರೂ ಈ ಮೂರೂ ಇವೆಯೇ ಎಂದು ನೋಡಿ. ನನಗೆ ಕಾಣಲಿಲ್ಲ.

ಇನ್ನು 'ಹೊಸ ಅಪ್‌ಡೇಟ್'. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಸ್ಪೋರ್ಟ್ಸ್ ಕಾರಿನ ಅಪ್‌ಡೇಟ್ ಮತ್ತು ಫೋನಿನ ಅಪ್‌ಡೇಟ್ ಒಂದೇ ಜಾತಿಯದಲ್ಲ. ಈಗಿನ ಎಂ2 ನಮ್ಮಲ್ಲಿಗೆ ಬಂದದ್ದು 2023ರಲ್ಲಿ, ಶೋರೂಮ್ ಬೆಲೆ 98 ಲಕ್ಷ. 2024ರ ನವೆಂಬರಿನಲ್ಲಿ ಪರಿಷ್ಕರಿಸಿದ ಕಾರು ಬಂತು, 1 ಕೋಟಿ 3 ಲಕ್ಷಕ್ಕೆ. ಎಂಜಿನ್ ಅದೇ ಮೂರು ಲೀಟರಿನ, ಎರಡು ಟರ್ಬೊ ಇರುವ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಎಂಜಿನ್. ಶಕ್ತಿ ಮಾತ್ರ 460ರಿಂದ 480 ಹಾರ್ಸ್‌ಪವರಿಗೆ ಏರಿತು. ಒಳಗಿನ ಪರದೆಯ ಸಾಫ್ಟ್‌ವೇರ್, ಸ್ಟಿಯರಿಂಗ್ ಚಕ್ರ ಬದಲಾದವು. ಟಾರ್ಕ್ 550 ನ್ಯೂಟನ್ ಮೀಟರಿನಿಂದ 600ಕ್ಕೆ ಏರಿದ್ದು ಆಟೊಮ್ಯಾಟಿಕ್ ಕಾರಿಗೆ. ಮ್ಯಾನ್ಯುಯಲ್ ಕೊಳ್ಳುವವರಿಗೆ ಹಳೆಯ 550ನ್ನೇ ಕೊಟ್ಟರು. ಅಂದರೆ ನಿಮ್ಮ ಆಯ್ಕೆಯ ಕಾರಿಗಾಗಿ ಒಂದೂವರೆ ವರ್ಷ ಕಾದವರು 5 ಲಕ್ಷ ಹೆಚ್ಚು ಕೊಟ್ಟು 20 ಹಾರ್ಸ್‌ಪವರ್ ತೆಗೆದುಕೊಂಡರು. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ವೇಗಮಿತಿ ಗಂಟೆಗೆ 100 ಕಿಲೋಮೀಟರ್, ಮೇಲೆ ಕ್ಯಾಮೆರಾಗಳು. ಆ 20 ಹಾರ್ಸ್‌ಪವರ್ ಅಲ್ಲಿ ನಿಮ್ಮ ಅನುಭವಕ್ಕೆ ಬರುವ ಸಂದರ್ಭವೇ ಇಲ್ಲ.

ಅಪ್‌ಡೇಟ್ ಎಂದರೆ ಏನೋ ಸೇರಿಸುತ್ತಾರೆ ಎಂದಷ್ಟೇ ನಾವು ಎಣಿಸುತ್ತೇವೆ. ಈ ಬಗೆಯ ಕಾರುಗಳಲ್ಲಿ ತೆಗೆಯುವುದೂ ಅಷ್ಟೇ ನಡೆಯುತ್ತದೆ. ಪೋರ್ಷೆಯ ಬಾಕ್ಸ್‌ಟರ್, ಕೇಮನ್ ಕಾರುಗಳಿಗೆ 2016ರಲ್ಲಿ ಹೊಸ ರೂಪ ಬಂದಾಗ ಅವುಗಳ ಆರು ಸಿಲಿಂಡರಿನ ಎಂಜಿನ್ ಹೋಗಿ ನಾಲ್ಕು ಸಿಲಿಂಡರಿನ ಟರ್ಬೊ ಬಂತು. ಲೆಕ್ಕದಲ್ಲಿ ಅದು ಹೆಚ್ಚು ವೇಗದ ಕಾರು. ಆದರೆ ಸದ್ದು ಕೇಳಿ ಬೇಸರಪಟ್ಟವರು ಎಷ್ಟೋ ಜನ. ಆರು ಸಿಲಿಂಡರನ್ನು ಆಮೇಲೆ ಜಿಟಿಎಸ್ 4.0ನಂಥ ದುಬಾರಿ ಮಾದರಿಗಳಲ್ಲಷ್ಟೇ ಮರಳಿ ತಂದರು. 2025ರ ಅಕ್ಟೋಬರಿನಲ್ಲಿ ಆ ಕಾರುಗಳ ತಯಾರಿಕೆಯೇ ನಿಂತಿತು. ಮುಂದಿನವು ಎಲೆಕ್ಟ್ರಿಕ್ ಎಂದು ವರ್ಷಗಳಿಂದ ಹೇಳುತ್ತಿದ್ದ ಕಂಪನಿ, ಆ ಸಾಲಿನ ಮೇಲ್ಮಟ್ಟದ ಮಾದರಿಗಳಿಗೆ ಪೆಟ್ರೋಲ್ ಎಂಜಿನ್ ಕೊಡುವುದಾಗಿ 2025ರಲ್ಲಿ ಮಾತು ಬದಲಿಸಿತು. ತಯಾರಿಸುವವರೇ ಮುಂದಿನ ಕಾರು ಏನೆಂದು ಎರಡು ಬಾರಿ ಯೋಚಿಸುತ್ತಿರುವಾಗ ಮೈಸೂರಿನಲ್ಲಿ ಕೂತ ನೀವು ಅದಕ್ಕಾಗಿ ಹೇಗೆ ಕಾಯುತ್ತೀರಿ? ಅದೇ ಕಂಪನಿಯ 911ರದ್ದೂ ಇದೇ ಕಥೆ. 2024ರ ಪರಿಷ್ಕರಣೆಯಲ್ಲಿ ಮುಳ್ಳಿನ ಆರ್‌ಪಿಎಂ ಮೀಟರ್ ಹೋಗಿ ಪರದೆ ಬಂತು. ಕ್ಯಾರೆರಾ ಎಸ್ ಮಾದರಿಗೆ ಮ್ಯಾನ್ಯುಯಲ್ ಗೇರ್ ಆಯ್ಕೆಯೇ ಇಲ್ಲವಾಯಿತು.

ನಿಮ್ಮ ಪತ್ರದಲ್ಲಿ ನಾನು ಗುರುತು ಹಾಕಿಕೊಂಡ ಮಾತು ಮ್ಯಾನ್ಯುಯಲ್. ನೀವು ಕ್ಲಚ್ ಒತ್ತಿ, ಕೈಯಲ್ಲಿ ಗೇರ್ ಹಾಕಿ ಓಡಿಸುವ ಸುಖಕ್ಕೆ ಈ ಕಾರನ್ನು ಆರಿಸಿದ್ದೀರಿ. ಆ ಸುಖಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ಎಂ2ವಿನದೇ ಹೆಚ್ಚು ಬಿರುಸಿನ ರೂಪವಾದ ಸಿಎಸ್ 2025ರಲ್ಲಿ ಬಂದಾಗ ಅದಕ್ಕೆ ಆಟೊಮ್ಯಾಟಿಕ್ ಬಿಟ್ಟು ಬೇರೆ ಆಯ್ಕೆ ಇರಲಿಲ್ಲ. ಎಂಜಿನ್ನಿನ ಬಲ ಏರಿದಂತೆ ಅದನ್ನು ತಾಳಿಕೊಳ್ಳುವ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಮಾಡುವುದು ಕಷ್ಟವಾಗುತ್ತಿದೆ. ಆ 550 ಮತ್ತು 600ರ ವ್ಯತ್ಯಾಸದ ಹಿಂದೆ ಇರುವುದೂ ಇದೇ. ಕೊಳ್ಳುವವರೂ ಕಡಿಮೆ, ಹಾಗಾಗಿ ಕಂಪನಿಗಳಿಗೆ ಹೊಸದಾಗಿ ದುಡ್ಡು ಹಾಕುವ ಮನಸ್ಸಿಲ್ಲ. ಎಲೆಕ್ಟ್ರಿಕ್ ಕಾರಿನ ಮೇಲೆ ನನಗೆ ಅಸಡ್ಡೆಯಿಲ್ಲ, ದಿನದ ಓಡಾಟಕ್ಕೆ ಅದು ಒಳ್ಳೆಯದೇ. ಬಿಎಂಡಬ್ಲ್ಯೂ ಎಂ ವಿಭಾಗ ನಾಲ್ಕು ಮೋಟಾರಿನ ಕಾರೊಂದನ್ನು ಸಿದ್ಧಪಡಿಸುತ್ತಿದೆ, ಗೇರ್ ಬದಲಾದಂಥ ಅನುಭವವನ್ನೂ ಅದು ಅನುಕರಿಸಿ ಕೊಡುತ್ತದಂತೆ. ನಿಮಗೆ ಬೇಕಾದದ್ದು ಅದಲ್ಲ. ಹೀಗಾಗಿ ನಿಮ್ಮ ಮಟ್ಟಿಗೆ ಮುಂದಿನ ಅಪ್‌ಡೇಟ್ ಭರವಸೆಗಿಂತ ಅಪಾಯವೇ ಹೆಚ್ಚು. ಮಸ್ಟಾಂಗ್ ವಿಷಯದಲ್ಲಿ ಆದದ್ದೂ ಅದೇ. 2020ರ ಏಪ್ರಿಲ್‌ನ ಬಿಎಸ್6 ನಿಯಮಕ್ಕೆ ಅದು ಹೋಯಿತು. 2021ರಲ್ಲಿ ಇಲ್ಲಿನ ಕಾರ್ಖಾನೆಗಳನ್ನು ಮುಚ್ಚುತ್ತೇವೆಂದ ಫೋರ್ಡ್, ಮಸ್ಟಾಂಗನ್ನು ಆಮದು ಮಾಡಿ ತರುತ್ತೇವೆ ಎಂದೂ ಹೇಳಿತ್ತು. ಆ ಕಾರು ಬರಲಿಲ್ಲ.

ನಿಮ್ಮ ಹತ್ತಿರ ಬಂದ ರೋಗಿ ಇನ್ನೂ ಉತ್ತಮವಾದ ಇಂಪ್ಲಾಂಟ್ ಬರಲಿ ಎಂದು ಎರಡು ವರ್ಷ ಹಲ್ಲಿಲ್ಲದೆಯೇ ಉಣ್ಣುತ್ತೇನೆ ಎಂದರೆ, ಆ ಎರಡು ವರ್ಷದ ಊಟವನ್ನು ನೀವು ಲೆಕ್ಕಕ್ಕೆ ಹಿಡಿಯುತ್ತೀರಿ ತಾನೆ? ಈ ಲೆಕ್ಕದಲ್ಲೂ ಹಿಡಿಯಿರಿ. ನಿಮಗೆ 47. ಭಾರದ ಕ್ಲಚ್ಚು ಒತ್ತಬೇಕಾದ ಕಾಲು, ತಗ್ಗಿನ ಸೀಟಿನಿಂದ ಏಳಬೇಕಾದ ಮಂಡಿ, ದಿನವಿಡೀ ಬಗ್ಗಿ ಕೆಲಸ ಮಾಡುವ ಬೆನ್ನು, ಇವೆಲ್ಲ ಈಗ ನಿಮ್ಮ ಜೊತೆಗಿವೆ.

ಈಗ ಸೈಟಿನ ಮಾತು. ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಅದನ್ನು ಹೇಳಿದ್ದೀರಿ, ಆದರೆ ನನಗೆ ಕಂಡಂತೆ ಮನಸ್ಸು ನಿಂತಿರುವುದು ಅಲ್ಲೇ. ಅತ್ತೆಯವರು ಏನೂ ಹೇಳಿಲ್ಲ, ಯಜಮಾನರು ಒಪ್ಪಿದ್ದಾರೆ. ಒಪ್ಪದೆ ಇರುವವರು ನೀವೊಬ್ಬರೇ. ನಮ್ಮಲ್ಲಿ ಹೆಂಗಸು ಮನೆ ಕಟ್ಟಿಸಿದರೆ, ಒಡವೆ ಮಾಡಿಸಿದರೆ, ಮಗನನ್ನು ಓದಿಸಿದರೆ ಯಾರೂ ಕಾರಣ ಕೇಳುವುದಿಲ್ಲ. ಬರೀ ತನ್ನ ಸಂತೋಷಕ್ಕೆ ಖರ್ಚು ಮಾಡಿದರೆ ಮೊದಲು ತನಗೇ ಕಾರಣ ಹೇಳಿಕೊಳ್ಳಬೇಕಾಗುತ್ತದೆ. ಸುಂಕ ಇಳಿಯಲಿ, ಹೊಸದು ಬರಲಿ ಎಂಬ ಮಾತುಗಳು ಆ ಕಷ್ಟದ ಸಂಭಾಷಣೆಯನ್ನು ಮುಂದಕ್ಕೆ ಹಾಕಲು ನಿಮಗೆ ಅನುಕೂಲವಾಗಿವೆ. ಕಾರಿಗೆ ಇಷ್ಟು ಖರ್ಚು ಮಾಡುವುದು ಸರಿಯಲ್ಲ ಎಂದು ನಿಮಗೆ ಒಳಗಿನಿಂದ ಅನಿಸಿದ್ದರೆ ಸೈಟು ಕೊಳ್ಳಿ, ಅದು ಒಳ್ಳೆಯ ನಿರ್ಧಾರ, ಪಶ್ಚಾತ್ತಾಪ ಬೇಡ. ಆದರೆ ಆ ಪ್ರಶ್ನೆಗೆ ಬಿಎಂಡಬ್ಲ್ಯೂ ಕಂಪನಿಯಿಂದ ಉತ್ತರ ಬರುವುದಿಲ್ಲ. ಒಂದು ಸಂಜೆ ಯಜಮಾನರ ಜೊತೆ ಕೂತು ನಿವೃತ್ತಿಗೆ, ಆಸ್ಪತ್ರೆ ಖರ್ಚಿಗೆ, ಅತ್ತೆಯವರ ಆರೈಕೆಗೆ ಎಷ್ಟು ಬೇಕೆಂದು ಬರೆಯಿರಿ. ಅದನ್ನೆಲ್ಲ ತೆಗೆದಿಟ್ಟ ಮೇಲೂ ಈ ದುಡ್ಡು ಉಳಿದರೆ, ಅದು ನೀವು ಸಾವಿರಾರು ಹಲ್ಲುಗಳನ್ನು ರಿಪೇರಿ ಮಾಡಿ ದುಡಿದದ್ದು, ನಿಮ್ಮಿಷ್ಟದಂತೆ ಖರ್ಚಾಗಲಿ.

ಲೆಕ್ಕ ಬರೆಯುವಾಗ ಶೋರೂಮ್ ಬೆಲೆಯನ್ನು ನಂಬಿ ಕೂರಬೇಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 18. ಕೋಟಿ ರೂಪಾಯಿಯ ಕಾರಿಗೆ 18 ಲಕ್ಷ, ಅದರ ಮೇಲೆ ಸೆಸ್, ವಿಮೆ. ಇಪ್ಪತ್ತು ಲಕ್ಷ ಮೀರಿ ಹೋಗುತ್ತದೆ. ಪುದುಚೇರಿಯ ಆಲೋಚನೆ ಹುಟ್ಟುವುದೇ ಇಲ್ಲಿ, ಅದನ್ನು ದಯವಿಟ್ಟು ಬಿಡಿ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಹೀಗೆ ಹೊರರಾಜ್ಯದ ನಂಬರಿನಲ್ಲಿ ಓಡುತ್ತಿದ್ದ ಪೋರ್ಷೆ, ಫೆರಾರಿ, ಬಿಎಂಡಬ್ಲ್ಯೂಗಳನ್ನು ಹಿಡಿಯಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯ ಮಾಲೀಕರು 1 ಕೋಟಿ 41 ಲಕ್ಷ ಮೀರಿ ತೆರಿಗೆ ಕಟ್ಟಬೇಕಾಯಿತು. ಅಧಿಕಾರಿ ಕೈ ಅಡ್ಡ ಮಾಡುತ್ತಾರೇನೋ ಎಂಬ ಹೆದರಿಕೆಯಲ್ಲಿ ಓಡಿಸಿದರೆ ಯಾವ ಕಾರೂ ಸುಖ ಕೊಡದು.

ದುಡ್ಡು ಉಳಿಸಲು ನೇರವಾದ ದಾರಿ ಬೇರೆ ಇದೆ, ಅದನ್ನೇ ನಾನು ಹೆಚ್ಚು ಒತ್ತಿ ಹೇಳುತ್ತೇನೆ. 2023 ಅಥವಾ 2024ರ, ಕರ್ನಾಟಕದಲ್ಲೇ ರಿಜಿಸ್ಟರ್ ಆದ, ಒಬ್ಬರೇ ಓಡಿಸಿದ ಮ್ಯಾನ್ಯುಯಲ್ ಎಂ2 ಹುಡುಕಿ. ಮೊದಲ ವರ್ಷಗಳ ಬೆಲೆ ಕುಸಿತವನ್ನು ಹಿಂದಿನ ಮಾಲೀಕರು ಹೊತ್ತಿರುತ್ತಾರೆ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿಯಾಗಿರುತ್ತದೆ. ಸರ್ವಿಸ್ ದಾಖಲೆ ಕೇಳಿ. ಎಂ ಕಾರುಗಳಿಗೆ ಮೊದಲ 2,000 ಕಿಲೋಮೀಟರಿಗೆ ಎಂಜಿನ್ ಆಯಿಲ್, ಡಿಫರೆನ್ಷಿಯಲ್ ಆಯಿಲ್ ಬದಲಿಸುವ ವಿಶೇಷ ಸರ್ವಿಸ್ ಆಗಲೇಬೇಕು. ಅದರ ದಾಖಲೆ ಇಲ್ಲದಿದ್ದರೆ ಆ ಕಾರು ಬೇಡ. ಕ್ಲಚ್ ಎಷ್ಟು ಸವೆದಿದೆ ನೋಡಿಸಿ. ಹಿಂದಿನ ಚಕ್ರ 20 ಇಂಚಿನದು, ಟೈರಿನ ಅಂಚು ತೀರ ತೆಳು. ನಮ್ಮ ಗುಂಡಿಗಳಿಗೆ ಅಲಾಯ್ ಬಿರುಕು ಬಿಟ್ಟಿರಬಹುದು, ಚಕ್ರ ಬಿಚ್ಚಿಸಿ ಒಳಬದಿಯನ್ನೂ ನೋಡಿ. ಹೊಸದೇ ಬೇಕೆಂದರೆ ವರ್ಷದ ಕೊನೆಗೆ, ಜನವರಿಯ ಆರಂಭಕ್ಕೆ, ಶೋರೂಮಿನಲ್ಲಿ ಹಿಂದಿನ ವರ್ಷ ತಯಾರಾದ ಕಾರು ಉಳಿದಿದ್ದರೆ ಚೌಕಾಸಿಗೆ ಒಳ್ಳೆಯ ಸಮಯ. ನೀವು ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ತಯಾರಿಕೆಯ ವರ್ಷಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವರ್ಷದ ಕೊನೆಯವರೆಗೆ ಕಾಯುವುದಕ್ಕೆ ನನ್ನ ಒಪ್ಪಿಗೆ ಇದೆ.

ದುಡ್ಡು ಕೊಡುವ ಮೊದಲು ಮ್ಯಾನ್ಯುಯಲ್ ಕಾರನ್ನೇ ಓಡಿಸಿ ನೋಡಿ, ಆಟೊಮ್ಯಾಟಿಕ್ ಟೆಸ್ಟ್ ಡ್ರೈವ್‌ಗೆ ಒಪ್ಪಬೇಡಿ. ಸಂಜೆ ಆರಕ್ಕೆ ಊರೊಳಗಿನ ಸಿಗ್ನಲ್‌ಗಳಲ್ಲಿ ಅರ್ಧ ಗಂಟೆ ಓಡಿಸಿ, ನಿಮ್ಮ ಬೀದಿಯ ಹಂಪಿನ ಮೇಲೆ, ಮನೆಯ ಗೇಟಿನ ಇಳಿಜಾರಿನ ಮೇಲೆ ಹತ್ತಿಸಿ ಇಳಿಸಿ. ಅಲ್ಲಿ ಹೊಟ್ಟೆ ತಾಗಿದರೆ ಇಳಿಜಾರು ಸರಿ ಮಾಡಿಸುವ ಖರ್ಚನ್ನೂ ಸೇರಿಸಿ. ಮತ್ತೆ, 460 ಇರಲಿ, 480 ಇರಲಿ, ಅಷ್ಟು ಹಾರ್ಸ್‌ಪವರನ್ನು ಬೆಟ್ಟದ ರಸ್ತೆಯಲ್ಲಿ, ವಾಕಿಂಗ್ ಬರುವವರ ನಡುವೆ, ಪರೀಕ್ಷೆ ಮಾಡುವುದು ಬೇಡ. ಅದಕ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ಸಾಮಾನ್ಯರಿಗೆ ತೆರೆದಿರುವ ದಿನಗಳನ್ನು ಕೇಳಿಕೊಂಡು, ತರಬೇತಿ ಕೊಡುವವರ ಜೊತೆ ಮೊದಲ ಸುತ್ತು ಹೊಡೆಯಿರಿ. ಹೊರಡುವ ಮುಂಚೆ ಬ್ರೇಕ್ ಪ್ಯಾಡ್ ನೋಡಿಸಿ. ವಿಮೆ ಪಾಲಿಸಿಯನ್ನೂ ಒಮ್ಮೆ ಓದಿ: ರೇಸು, ವೇಗ ಪರೀಕ್ಷೆಯಲ್ಲಿ ಆದ ಹಾನಿಗೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ.